ಸಿಟ್ಟಿಗೆ ಅಪ್ಪಣೆ ಕೊಟ್ಟವರು

ಕಂಚಿಯಲ್ಲಿ ಒಂದು ಜಗಳವಾಯಿತು. ಓದಿಗೆಂದು ಗುರು ವೀರಶರ್ಮನ ಜೊತೆ ಅಲ್ಲಿನ ಘಟಿಕೆಗೆ ಹೋಗಿದ್ದ ಮಯೂರಶರ್ಮನಿಗೂ ಪಲ್ಲವರ ಒಬ್ಬ ಕುದುರೆ ಸವಾರನಿಗೂ ಮಾತಿಗೆ ಮಾತು ಬೆಳೆಯಿತು. ಮೊದಲು ಬಾಯಿ ಮಾಡಿದವರು ಯಾರು, ದಾರಿ ಬಿಡುವ ತಕರಾರೋ ಮತ್ತೊಂದೋ, ಆ ವಿವರಕ್ಕೆ ತಾಳಗುಂದದ ಕಂಬಶಾಸನ ಹೋಗುವುದೇ ಇಲ್ಲ. ಜಗಳ ಜೋರಾಗಿತ್ತು, ಮಯೂರಶರ್ಮ ಕೆರಳಿದ, ದರ್ಭೆ ಸಮಿತ್ತು ಹಿಡಿದು ಪಳಗಿದ್ದ ಕೈ ಕತ್ತಿ ಹಿಡಿಯಿತು, ಅಷ್ಟೇ. ಮುಂದಿನದು ಶಾಲೆಯ ಮಕ್ಕಳಿಗೂ ಗೊತ್ತು: ನಾಲ್ಕನೆಯ ಶತಮಾನದ ನಡುವಿನಲ್ಲಿ ಬನವಾಸಿಯ ಕದಂಬ ರಾಜ್ಯ ಹುಟ್ಟಿತು. 1975ರಲ್ಲಿ ರಾಜಕುಮಾರ್ ಮಯೂರನಾಗಿ ತೆರೆಯ ಮೇಲೆ ಬಂದಾಗ ಪಲ್ಲವರ ಕಡೆ ವಹಿಸಿದವನು ಚಿತ್ರಮಂದಿರದಲ್ಲಿ ಒಬ್ಬನೂ ಇದ್ದಿರಲಾರ.

ತಾಳಗುಂದ ಶಿಕಾರಿಪುರ ತಾಲ್ಲೂಕಿನ ಊರು, ಬಳ್ಳಿಗಾವಿಯಿಂದ ಕೆಲವೇ ಕಿಲೋಮೀಟರ್. ಪ್ರಣವೇಶ್ವರ ದೇವಸ್ಥಾನದ ಮುಂದಿನ ಆ ಕಂಬದ ಸಂಸ್ಕೃತ ಪದ್ಯಗಳು ಕುಬ್ಜನೆಂಬ ಕವಿಯವು. ಅವನ್ನು ಕೆತ್ತಿಸಿದ್ದು ಮಯೂರನ ವಂಶದ ಶಾಂತಿವರ್ಮನ ಕಾಲದಲ್ಲಿ, ಜಗಳ ನಡೆದು ಸುಮಾರು ನೂರು ವರ್ಷ ಕಳೆದ ಮೇಲೆ. ಮನುಷ್ಯ ಇನ್ನೊಬ್ಬನ ಮೇಲೆ ಯಾಕೆ ಕೈ ಎತ್ತುತ್ತಾನೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರ ಒಂದು ಶತಮಾನದಿಂದ ಉತ್ತರ ಹುಡುಕುತ್ತಿದೆ. ಆ ಉತ್ತರಗಳನ್ನು ಒರೆಗೆ ಹಚ್ಚಲು ಬೇಕಾದಷ್ಟು ಸಾಮಗ್ರಿ ಶಿಕಾರಿಪುರ, ಸೊರಬ ಎಂಬ ಈ ಎರಡು ತಾಲ್ಲೂಕುಗಳಲ್ಲೇ ಇದೆ. ಒಂದಿಷ್ಟು ಕಲ್ಲಿನ ಮೇಲಿದೆ, ಒಂದಿಷ್ಟು ಇನ್ನೂ ಜನರ ನೆನಪಿನಲ್ಲಿದೆ.

ಎಲ್ಲಕ್ಕಿಂತ ಹಳೆಯ ಉತ್ತರವೇ ಇವತ್ತಿಗೂ ಹೆಚ್ಚು ಜನ ನಂಬಿರುವ ಉತ್ತರ. ಹಿಂಸೆ ಮನುಷ್ಯನ ಒಳಗೇ ಇದೆ, ಸಮಯ ಬಂದಾಗ ಉಕ್ಕುತ್ತದೆ ಎಂಬುದು. ಬಳ್ಳಿಗಾವಿಯ ಭೇರುಂಡೇಶ್ವರನನ್ನು ಇದಕ್ಕೆ ಮುಖಪುಟದ ಚಿತ್ರವಾಗಿ ಹಾಕಬಹುದು. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಸ್ತಂಭದ ಈ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಫ್ರಾಯ್ಡ್ 1920ರಲ್ಲಿ ಮೃತ್ಯುಪ್ರವೃತ್ತಿಯ ಮಾತೆತ್ತಿದ. 1932ರಲ್ಲಿ ಐನ್‌ಸ್ಟೈನ್ ಪತ್ರ ಬರೆದು, ಯುದ್ಧದಿಂದ ಮನುಷ್ಯನನ್ನು ಬಿಡಿಸಲು ದಾರಿಯಿದೆಯೇ ಎಂದು ಕೇಳಿದಾಗ ಅವನ ಉತ್ತರದಲ್ಲಿ ಭರವಸೆ ಕಡಿಮೆಯೇ ಇತ್ತು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿ ನೊಬೆಲ್ ಪಡೆದ ಕೊನ್ರಾಡ್ ಲೊರೆಂಜ್ 1963ರ ತನ್ನ ಪುಸ್ತಕದಲ್ಲಿ ಅದೇ ಮಾತನ್ನು ಮೀನು, ಬಾತುಕೋಳಿಗಳ ಕಡೆಯಿಂದ ಹೇಳಿದ. ಒತ್ತಡ ಒಳಗೇ ತುಂಬಿಕೊಳ್ಳುತ್ತದೆ, ಎಲ್ಲಾದರೂ ಒಂದು ಕಡೆ ಹೊರಬೀಳಲೇಬೇಕು, ಎಂದ.

ಕುಕ್ಕರ್ ಇರುವ ಮನೆಯವರಿಗೆಲ್ಲ ಈ ಸಿದ್ಧಾಂತ ಕೂಡಲೇ ಅರ್ಥವಾಗುತ್ತದೆ. ಅದೇ ಅದರ ಅಪಾಯ. 'ಒಳಗಿಟ್ಟುಕೊಳ್ಳಬೇಡ, ಕೂಗಾಡಿಬಿಡು, ಹಗುರಾಗುತ್ತೆ' ಎಂಬ ಬುದ್ಧಿವಾದ ಹುಟ್ಟಿದ್ದೇ ಇಲ್ಲಿಂದ. 2002ರಲ್ಲಿ ಬ್ರಾಡ್ ಬುಶ್‌ಮನ್ ಅಮೆರಿಕದ 600 ವಿದ್ಯಾರ್ಥಿಗಳಿಗೆ ಸಿಟ್ಟು ಬರಿಸಿದ. ಕೆಲವರ ಕೈಯಲ್ಲಿ ಮರಳು ಮೂಟೆಯಂಥ ಗುದ್ದುಚೀಲಕ್ಕೆ ಗುದ್ದಿಸಿದ, ಕೆಲವರನ್ನು ಸುಮ್ಮನೆ ಕೂರಿಸಿದ. ಬೈದವನ ಮುಖ ನೆನೆಸಿಕೊಂಡು ಗುದ್ದಿದವರ ಸಿಟ್ಟು ಇಳಿಯುವ ಬದಲು ಏರಿತ್ತು. ಸುಮ್ಮನೆ ಕೂತವರದೇ ತಣ್ಣಗಾಗಿತ್ತು. ಹಾಗಾದರೆ ಸಿಟ್ಟನ್ನು ಆವಿಗೆ ಹೋಲಿಸುವುದು ತಪ್ಪು. ಅದು ರೂಢಿಯಾಗುವ ವಸ್ತು, ಮಾಡಿದಷ್ಟೂ ಕೈ ಕುದುರುತ್ತದೆ.

1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ನಾಲ್ವರು ಸಂಗಡಿಗರು ಬೇರೆ ಮಾತು ಹೇಳಿದರು. ಬೇಕಾದದ್ದಕ್ಕೆ ಅಡ್ಡಿ ಬಂದರೆ ಹತಾಶೆ, ಹತಾಶೆಯಿಂದ ಆಕ್ರಮಣ. ಇದು ಎಷ್ಟು ಸರಳವೆಂದರೆ ಎರಡು ವರ್ಷದಲ್ಲಿ ಅವರೇ ಅದನ್ನು ಸಡಿಲಿಸಬೇಕಾಯಿತು. ಹತಾಶರಾದವರೆಲ್ಲ ಹೊಡೆಯುವುದಿಲ್ಲ, ಎಷ್ಟೋ ಜನ ಅಳುತ್ತಾರೆ, ಕೆಲವರು ಮಲಗುತ್ತಾರೆ. ನಿಜವಾದ ತಿರುವು ಬಂದದ್ದು 1952ರಲ್ಲಿ, ನಿಕೊಲಸ್ ಪಾಸ್ಟೋರ್ ಎಂಬಾತ ಕೇಳಿದ ಒಂದು ಬಸ್ಸಿನ ಪ್ರಶ್ನೆಯಿಂದ. ಅದನ್ನು ಶಿರಾಳಕೊಪ್ಪಕ್ಕೆ ತಂದು ನೋಡಬಹುದು. ಬಿಸಿಲಲ್ಲಿ ಸ್ಟಾಪಿನಲ್ಲಿ ನಿಂತಿದ್ದೀರಿ, ಬಸ್ಸು ನಿಲ್ಲಿಸದೆ ಹೋಯಿತು. ಡ್ರೈವರ್ ನಿಮ್ಮನ್ನು ಕಂಡೂ ಬೇಕೆಂದೇ ಹೋದ ಎಂದಾದರೆ ಬೈಗುಳ ತಾನಾಗಿ ಬರುತ್ತದೆ. ಬಸ್ಸು ಕೆಟ್ಟು ಡಿಪೋಗೆ ಹೋಗುತ್ತಿತ್ತು ಎಂದು ಗೊತ್ತಾದರೆ? ಬಿಸಿಲು ಅದೇ, ಕಾಯುವುದೂ ಅದೇ, ಸಿಟ್ಟು ಮಾತ್ರ ಅರ್ಧಕ್ಕರ್ಧ ಮಾಯ. ಜನರನ್ನು ಕೆರಳಿಸುವುದು ಅಡ್ಡಿಯಲ್ಲ, ಅನ್ಯಾಯ. ಅಥವಾ, ಅನ್ಯಾಯ ಎಂದು ತಾನು ಓದಿಕೊಂಡದ್ದು.

ಮಯೂರಶರ್ಮನನ್ನು ಈಗ ಮತ್ತೆ ನೋಡಿದರೆ ಶಾಸನ ಯಾಕೆ ಜಗಳದ ವಿವರವನ್ನು ಬಿಟ್ಟಿತು ಎಂಬುದು ಹೊಳೆಯುತ್ತದೆ. ಅದಕ್ಕೆ ಬೇಕಾಗಿದ್ದದ್ದು ಅನ್ಯಾಯದ ಭಾವ ಒಂದೇ. ಓದಿದವನು ಆಯುಧ ಹಿಡಿದವನ ಮುಂದೆ ಹೀಗೆ ಬಲಹೀನನಾಗಬೇಕೆ ಎಂಬ ಅಳಲನ್ನು ಅವನ ಬಾಯಲ್ಲಿ ಇಟ್ಟು, ಕವಿ ಕತ್ತಿಗೆ ಕಾರಣ ಒದಗಿಸುತ್ತಾನೆ. ಆಮೇಲೆ ಅವನು ಮಾಡಿದ್ದರಲ್ಲಿ ಕೆರಳಿಕೆಯ ಸುಳಿವೂ ಇಲ್ಲ. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿ, ಕೊನೆಗೆ ಪಲ್ಲವರ ಜೊತೆಯೇ ಸಂಧಿಗೆ ಬಂದು ನೆಲ ಪಡೆದ. ವರ್ಷಗಟ್ಟಲೆಯ ಲೆಕ್ಕಾಚಾರ ಅದು. ಒಂದು ಕ್ಷಣದ ರೋಷ ಅಷ್ಟು ದೂರ ಬರಲಾರದು. ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಒಬ್ಬರನ್ನು ಸಿಟ್ಟಿಗೆಬ್ಬಿಸಿದ ಪ್ರಸಂಗ ಬರೆಯಿರಿ ಎಂದರೆ ಮಾಡಿದವನು ಅದಕ್ಕೆ ಕಾರಣ ಬರೆಯುತ್ತಾನೆ, ಮುಗಿದುಹೋದ ಮಾತು ಎನ್ನುತ್ತಾನೆ. ಅನುಭವಿಸಿದವನ ಕಥೆಯಲ್ಲಿ ಕಾರಣವೇ ಇರುವುದಿಲ್ಲ, ನೋವು ಮಾತ್ರ ಇನ್ನೂ ಮುಗಿದಿರುವುದಿಲ್ಲ. ತಾಳಗುಂದದ ಕಂಬ ಗೆದ್ದವರ ಮನೆಯ ಕಥೆ. ಕುದುರೆ ಸವಾರ ಶಾಸನ ಬರೆಸಲಿಲ್ಲ.

ತಾಳಗುಂದದಿಂದ ಬಳ್ಳಿಗಾವಿಗೆ ಬಂದರೆ ಕಥೆ ಅರಸರಿಂದ ಊರವರ ಕೈಗೆ ಬರುತ್ತದೆ. ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿಗೆ ರಾಜಧಾನಿಯಾಗಿದ್ದ ಈ ಊರು ಅಲ್ಲಮಪ್ರಭುವಿನದು ಎಂಬುದು ಪರಂಪರೆಯ ಮಾತು. ಮಠ, ಬಸದಿ, ಬೌದ್ಧ ವಿಹಾರ ಒಂದೇ ಊರಿನಲ್ಲಿದ್ದವು; ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಜೊತೆಗೆ ಕಾಯಿಲೆಯವರಿಗೆ ಮದ್ದು, ಹಸಿದವರಿಗೆ ಅನ್ನ ದೊರೆಯುತ್ತಿತ್ತು ಎಂದು 1162ರ ಶಾಸನ ಹೊಗಳುತ್ತದೆ. ಅಂಥ ಊರಿನ ಸುತ್ತಲ ಸೀಮೆಯಲ್ಲೇ ವೀರಗಲ್ಲುಗಳು ಲೆಕ್ಕವಿಲ್ಲದಷ್ಟು. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದ ಶಿಕಾರಿಪುರ ಭಾಗವನ್ನೂ ಎಂಟನೆಯದರ ಸೊರಬ ಭಾಗವನ್ನೂ ತಿರುವಿದರೆ ಸಾಕು, ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ದನ ಹಿಡಿದವರು, ಊರು ಹಾಳು ಮಾಡಿದವರು, ಹೆಣ್ಣಿನ ಮೇಲೆ ಕೈ ಮಾಡಿದವರು. ಅವರನ್ನು ತಡೆಯಲು ಹೋಗಿ ಸತ್ತವರು.

ದನದ ವಿಷಯ ಸಣ್ಣದಲ್ಲ. ಗದ್ದೆಯನ್ನು ರಾತ್ರೋರಾತ್ರಿ ಹೊತ್ತುಕೊಂಡು ಹೋಗಲಾಗದು, ಹಟ್ಟಿಯ ದನವನ್ನು ಹೊಡೆದುಕೊಂಡು ಹೋಗಬಹುದು. ರಿಚರ್ಡ್ ನಿಸ್ಬೆಟ್ ಮತ್ತು ಡೊವ್ ಕೊಹೆನ್ 1996ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಗ್ಗೆ ಬರೆಯುತ್ತ ಇದನ್ನೇ ಹಿಡಿದರು. ಸರ್ಕಾರ ದೂರ, ಸಂಪತ್ತು ಕಾಲಿನ ಮೇಲೆ ನಡೆಯುವಂಥದ್ದು ಆಗಿರುವ ಕಡೆ 'ಇವನ ತಂಟೆಗೆ ಹೋದರೆ ಸುಮ್ಮನೆ ಬಿಡುವವನಲ್ಲ' ಎಂಬ ಹೆಸರೇ ಬೇಲಿ. ಆಗ ಸಣ್ಣ ಅವಮಾನವೂ ಸಣ್ಣದಾಗಿ ಉಳಿಯುವುದಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಒಬ್ಬ ಓಣಿಯಲ್ಲಿ ಭುಜ ತಾಗಿಸಿ ಬೈದು ಹೋದಾಗ ಉತ್ತರದ ಹುಡುಗರು ಹೆಚ್ಚಾಗಿ ನಕ್ಕುಬಿಟ್ಟರು. ದಕ್ಷಿಣದ ಹುಡುಗರ ಹಾರ್ಮೋನುಗಳೇ ಏರಿದ್ದವು. ದನ ಕಾಯುವುದನ್ನು ಬಿಟ್ಟು ತಲೆಮಾರುಗಳಾಗಿದ್ದ ಮನೆಗಳ ಮಕ್ಕಳು ಅವರು. ಈ ವಾದವನ್ನು ಒಪ್ಪದವರೂ ಇದ್ದಾರೆ. ಆದರೆ 'ಮಾನ ಹೋದ ಮೇಲೆ ಇದ್ದೇನು' ಎಂಬ ಮಾತು ಕೇಳಿ ಬೆಳೆದ ಕನ್ನಡಿಗನಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಬಿದ್ದ ಹೆಣ, ಪಕ್ಕದಲ್ಲಿ ಸಾಲಾಗಿ ದನ. ನಡುವೆ ಸತ್ತವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಕೈಲಾಸ, ಲಿಂಗದ ಮುಂದೆ ಕೂತ ವೀರ, ಸೂರ್ಯ ಚಂದ್ರ. ಕಲ್ಲಿನ ಜೊತೆ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಿಗುವುದೂ ಇತ್ತು. ಹಂದಿಯ ಜೊತೆ ಕಾದಾಡಿ ಸತ್ತ ನಾಯಿ ಕಾಳಿಗೂ ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲು ದೊರೆತಿದೆ ಎಂದಮೇಲೆ ಈ ಬಹುಮಾನದ ವ್ಯವಸ್ಥೆ ಎಷ್ಟು ಉದಾರವಾಗಿತ್ತೆಂದು ಊಹಿಸಬಹುದು.

ಇಲ್ಲೇ ಆಲ್ಬರ್ಟ್ ಬಂಡುರಾನ ಗೊಂಬೆ ನೆನಪಾಗಬೇಕು. 1961ರಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರದ 72 ಮಕ್ಕಳ ಮೇಲೆ ನಡೆದ ಪ್ರಯೋಗ ಅದು. ಬೋಬೋ ಎಂಬ ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರೊಬ್ಬರು ಗುದ್ದಿ, ಒದ್ದು, ಸುತ್ತಿಗೆಯಿಂದ ಬಡಿದದ್ದನ್ನು ಕಂಡ ಮಕ್ಕಳು ತಾವೂ ಹಾಗೇ ಮಾಡಿದರು. ಎಲ್ಲರೂ ಹೇಳುವುದು ಇಷ್ಟನ್ನೇ. ಹೆಚ್ಚು ಯೋಚನೆಗೆ ಹಚ್ಚುವುದು 1965ರ ಇನ್ನೊಂದು ಪ್ರಯೋಗ. ಗೊಂಬೆಗೆ ಹೊಡೆದವನಿಗೆ ಚಿತ್ರದ ಕೊನೆಯಲ್ಲಿ ಸಿಹಿ ಸಿಕ್ಕಿದ್ದನ್ನು ಕೆಲವು ಮಕ್ಕಳು ನೋಡಿದರು, ಬೈಗುಳ ಸಿಕ್ಕಿದ್ದನ್ನು ಕೆಲವರು. ಬೈಗುಳ ಕಂಡವರು ಕಡಿಮೆ ಹೊಡೆದರು. ಆದರೆ 'ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ನಿನಗೆ ಬಹುಮಾನ' ಎಂದಾಗ ಎಲ್ಲರಿಗೂ ಪಾಠ ಬಾಯಿಪಾಠ! ಕಲಿಕೆ ಎಲ್ಲರಲ್ಲೂ ಆಗಿತ್ತು, ಅಪ್ಪಣೆ ಮಾತ್ರ ಬೇಕಾಗಿತ್ತು. ವೀರಗಲ್ಲಿನ ಕೆಳಗಿನ ಪಟ್ಟಿ ಹೊಡೆಯುವುದು ಹೇಗೆ ಎಂದು ತೋರಿಸಿದರೆ ಮೇಲಿನ ಪಟ್ಟಿ ಆಮೇಲೆ ಏನು ಸಿಗುತ್ತದೆ ಎಂದು ಹೇಳುತ್ತದೆ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಎದುರು ಆಡುವ ಮಕ್ಕಳ ಕಣ್ಣೆದುರಿಗೆ ಅದು ನೂರಾರು ವರ್ಷ ನಿಂತಿತ್ತು.

ಊರು ಕಾಯಲು ಸತ್ತವನನ್ನು ಗೊಂಬೆ ಬಡಿದ ಮಗುವಿನ ಪಕ್ಕ ನಿಲ್ಲಿಸುವುದು ಒರಟುತನ ಎನ್ನಿಸಬಹುದು. ಕಲ್ಲಿನ ವೀರ ಕಾಪಾಡಿದವನು, ಕೊಲೆಗಡುಕನಲ್ಲ, ನಿಜ. ಆದರೆ ದನ ಹಿಡಿಯಲು ಬಂದವರೂ ಯಾವುದೋ ಒಂದು ಊರಿನವರೇ. ಅಲ್ಲಿಯೂ ಒಬ್ಬ ಒಡೆಯ, ಒಂದು ಅಪ್ಪಣೆ, ಸತ್ತರೆ ಒಂದು ಕಲ್ಲು. ಅಲನ್ ಫಿಸ್ಕೆ ಮತ್ತು ತಾಜ್ ರಾಯ್ 2014ರಲ್ಲಿ ಹೊರತಂದ ಪುಸ್ತಕದ ತಿರುಳು ಈ ಮಾತಿಗೆ ಹತ್ತಿರದ್ದು. ಲೋಕದ ಹೆಚ್ಚಿನ ಹಿಂಸೆ ಧರ್ಮ ಎಂದುಕೊಂಡು ಮಾಡಿದ್ದು, ಮಾಡುವವನಿಗೆ ತಾನು ಸರಿಯೆಂದೇ ಅನ್ನಿಸಿರುತ್ತದೆ, ಎನ್ನುತ್ತಾರೆ ಅವರು. ಈ ಮಾತನ್ನು ಉತ್ಪ್ರೇಕ್ಷೆ ಎನ್ನುವವರು ಹಳೆಯ ಕಲ್ಲನ್ನು ಬಿಟ್ಟು ಇವತ್ತಿನ ಅಂಕಿ ನೋಡಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಕರ್ನಾಟಕಕ್ಕೆ ಬಂದದ್ದು 2019ರಲ್ಲಿ. ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದೇ ಸಮೀಕ್ಷೆ, ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗದಿದ್ದರೆ, ಅತ್ತೆಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಒಂದಿಷ್ಟು ಸಂದರ್ಭ ಓದಿ ಹೇಳಿ, ಆಗ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿತು. ಒಂದಾದರೂ ಸಂದರ್ಭಕ್ಕೆ ಹೌದು ಎಂದ ಗಂಡಸರು ಶೇ. 81.9. ಹೆಂಗಸರು ಶೇ. 76.9.

ಹೊಡೆಯುವವನು ತಾಳ್ಮೆ ಕಳೆದುಕೊಂಡ ಎನ್ನುತ್ತೇವೆ. ಅದೇ ಮನುಷ್ಯ ಆಫೀಸಿನಲ್ಲಿ ಸಾಹೇಬರು ಬೈದಾಗ ತಾಳ್ಮೆ ಕಳೆದುಕೊಳ್ಳುವುದಿಲ್ಲ.

ಮಿದುಳಿಗೆ ಪೆಟ್ಟಾದವರು, ಕುಡಿತ ತಲೆಗೇರಿದವರು, ಹುಟ್ಟಿನಿಂದಲೇ ತಡೆ ಕಡಿಮೆ ಇರುವವರು ಇಲ್ಲವೇ ಎಂದರೆ ಇದ್ದಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2002ರಲ್ಲಿ ಒಂದು ವಂಶವಾಹಿಯ ಹೆಸರು ಹೇಳಿ ದೊಡ್ಡ ಸುದ್ದಿಯಾಯಿತು. ಪತ್ರಿಕೆಗಳು ಬಿಟ್ಟ ಅರ್ಧವೇನೆಂದರೆ, ಅದರ ಪ್ರಭಾವ ಎದ್ದು ಕಂಡದ್ದು ಬಾಲ್ಯದಲ್ಲಿ ಪೆಟ್ಟು ತಿಂದು ಬೆಳೆದ ಗಂಡುಮಕ್ಕಳಲ್ಲಿ.

ಇನ್ನು ಗುಂಪಿನ ಮಾತು. ಗುಂಪಿಗೆ ಬುದ್ಧಿಯಿಲ್ಲ ಎಂದು 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬೊನ್ ಬರೆದದ್ದನ್ನು ಪೊಲೀಸು, ಪತ್ರಿಕೆ, ರಾಜಕಾರಣಿ ಎಲ್ಲರೂ ಇಂದಿಗೂ ಹೇಳುತ್ತಾರೆ. ಗುಂಪು ಸೇರಿದವನು ತಾನು ಯಾರೆಂಬುದನ್ನೇ ಮರೆತು ಕಾಡುಮನುಷ್ಯನಾಗುತ್ತಾನಂತೆ. ಶಿಕಾರಿಪುರ ಮತ್ತು ಸೊರಬದ ಎರಡು ದಿನಗಳು ಈ ಮಾತನ್ನು ಸುಲಭಕ್ಕೆ ಒಪ್ಪಿಕೊಳ್ಳಲು ಬಿಡುವುದಿಲ್ಲ.

ಮೊದಲನೆಯದು 1942ರ ಸೆಪ್ಟೆಂಬರ್ 28, ಶಿಕಾರಿಪುರ ತಾಲ್ಲೂಕಿನ ಈಸೂರು. ಚಲೇಜಾವ್ ಚಳವಳಿಯ ಬಿಸಿಯಲ್ಲಿ ಆ ಊರು ತನ್ನದೇ ಸರ್ಕಾರ ಘೋಷಿಸಿಕೊಂಡಿತ್ತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿತ್ತು. ಹುಡುಗ ಜಯಣ್ಣನನ್ನು ಅಮಲ್ದಾರನನ್ನಾಗಿಯೂ ಮತ್ತೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ಊರವರು ನೇಮಿಸಿದ್ದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆ ಈಗಲೂ ಜನರ ಬಾಯಲ್ಲಿದೆ. ಅಂದು ಮೈಸೂರು ಸರ್ಕಾರದ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಹಟ ಹಿಡಿದರು, ಮಾತು ಬೆಳೆಯಿತು, ಪೊಲೀಸರು ಬಲ ಪ್ರಯೋಗಿಸಿದರು ಎಂಬುದು ಊರಿನಲ್ಲಿ ಹೇಳುತ್ತ ಬಂದಿರುವ ಕಥೆ. ಸಂಜೆಯ ಹೊತ್ತಿಗೆ ಇಬ್ಬರು ಅಧಿಕಾರಿಗಳೂ ಜೀವಂತ ಇರಲಿಲ್ಲ. ಮುಂದೆ ಸರ್ಕಾರದ ಪಡೆ ನುಗ್ಗಿತು, ಜನ ಕಾಡು ಸೇರಿದರು, ಮನೆಗಳು ಸೂರೆಯಾದವು. 1943ರ ಮಾರ್ಚಿನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು.

ಎರಡನೆಯದು 1986ರ ಮಾರ್ಚ್ 20, ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡಕ್ಕೆ ನಡೆಯುವ ಹರಕೆ ಅಲ್ಲಿ ನಡೆಯುತ್ತಿತ್ತು. ಹರಕೆ ಹೊತ್ತವರಲ್ಲಿ ದಲಿತ, ಹಿಂದುಳಿದ ಜಾತಿಗಳ ಬಡ ಹೆಣ್ಣುಮಕ್ಕಳೇ ಹೆಚ್ಚು. ಅದನ್ನು ನಿಲ್ಲಿಸಬೇಕೆಂದು ದಲಿತ ಸಂಘರ್ಷ ಸಮಿತಿಯವರು ಬಂದಿದ್ದರು, ಪೊಲೀಸರಿದ್ದರು, ಮಹಿಳಾ ಪೊಲೀಸರೂ ಇದ್ದರು. ಸಾವಿರಾರು ಭಕ್ತರ ಗುಂಪು ತಿರುಗಿಬಿತ್ತು. ಹೊಡೆದದ್ದಷ್ಟೇ ಅಲ್ಲ, ತಡೆಯಲು ಬಂದವರ ಬಟ್ಟೆ ಕಳಚಿ ಬೆತ್ತಲೆಯಾಗಿ ನಡೆಸಿತು. ಉಡುತಡಿಯ ಅಕ್ಕ ಉಟ್ಟದ್ದನ್ನು ತಾನೇ ಕಳಚಿ ನಡೆದುಹೋದ ಸೀಮೆಯಲ್ಲಿ ಬೆತ್ತಲೆಯೇ ಶಿಕ್ಷೆಯಾಯಿತು.

ಈಸೂರನ್ನೂ ಚಂದ್ರಗುತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಒಂದರಲ್ಲಿ ಆಳುವವರ ವಿರುದ್ಧ ಎದ್ದ ಊರಿದೆ, ಇನ್ನೊಂದರಲ್ಲಿ ಬಿಡಿಸಲು ಬಂದವರ ಮೇಲೆಯೇ ಬಿದ್ದ ಗುಂಪಿದೆ. ಆದರೂ ಗುಂಪು ಏನು ಮಾಡಿತು ಎಂಬುದನ್ನು ಮಾತ್ರ ನೋಡಿದರೆ ಒಂದು ಹೋಲಿಕೆ ಬಿಡದೆ ಕಾಡುತ್ತದೆ. ಈಸೂರು ಅಧಿಕಾರಿಯ ತಲೆಗೆ ಟೋಪಿ ಹಾಕಲು ಹೋಯಿತು, ಚಂದ್ರಗುತ್ತಿ ಪೊಲೀಸರ ಮೈಮೇಲಿನ ಸಮವಸ್ತ್ರ ತೆಗೆಯಿತು. ಎರಡೂ ಕಡೆ ಗುಂಪಿನ ಬೇಡಿಕೆ ಒಂದೇ: ನಮ್ಮ ನೆಲದ ಮೇಲೆ ನಮ್ಮ ವೇಷದಲ್ಲಿರು. ಬುದ್ಧಿ ಕಳೆದುಕೊಂಡ ಮೃಗಕ್ಕೆ ಇಷ್ಟು ಅಚ್ಚುಕಟ್ಟಾದ ಶಿಕ್ಷೆ ಹೊಳೆಯುವುದಿಲ್ಲ. ಅದಕ್ಕೆ ಸರಿ ತಪ್ಪುಗಳ ಒಂದು ಪಟ್ಟಿ ಬೇಕು.

ಸ್ಟೀಫನ್ ರೈಕರ್ 1980ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್ಲಿನ ಸೇಂಟ್ ಪಾಲ್ಸ್‌ನಲ್ಲಿ ನಡೆದ ಗಲಭೆಯನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದೂ ಇದೇ. ಜನ ಪೊಲೀಸರ ಮೇಲೆ ಕಲ್ಲು ತೂರಿದರು, ಬ್ಯಾಂಕಿಗೆ ಕೈ ಹಾಕಿದರು. ತಮ್ಮ ಕೇರಿಯವರ ಅಂಗಡಿ, ಮನೆಗಳ ತಂಟೆಗೆ ಬಹುಮಟ್ಟಿಗೆ ಹೋಗಲಿಲ್ಲ. ಪೊಲೀಸರು ಹೊರಟಮೇಲೆ ಕೇರಿಯ ಗಡಿ ದಾಟಿ ಬೆನ್ನಟ್ಟಲೂ ಇಲ್ಲ. ಗುಂಪಿನಲ್ಲಿ ಮುಖವಿಲ್ಲದವನಾದರೆ ಮನುಷ್ಯ ಕೆಡುತ್ತಾನೆ ಎಂಬ ನಂಬಿಕೆಯನ್ನು ಪರೀಕ್ಷಿಸಿದ 60 ಅಧ್ಯಯನಗಳನ್ನು 1998ರಲ್ಲಿ ಒಟ್ಟು ಹಾಕಿ ನೋಡಿದಾಗ, ಮುಖ ಮರೆಯಾದವರು ಆ ಜಾಗದ ರೂಢಿಗೆ ಇನ್ನಷ್ಟು ಅಂಟಿಕೊಳ್ಳುತ್ತಾರೆ ಎಂದು ಕಂಡಿತು. ರೂಢಿ ಒಳ್ಳೆಯದಿದ್ದರೆ ಒಳ್ಳೆಯದಕ್ಕೂ. ಹೇಳಿದಂತೆ ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಾರೆಯೇ ಎಂದು ನೋಡಿದ ಸ್ಟ್ಯಾನ್ಲಿ ಮಿಲ್‌ಗ್ರಾಮನ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಜನ 450 ವೋಲ್ಟಿನ ಗುಂಡಿ ಒತ್ತಿದ್ದನ್ನೂ ಈಗ ಕುರಿಗಳ ವಿಧೇಯತೆ ಎಂದು ಯಾರೂ ಸಲೀಸಾಗಿ ಹೇಳುವುದಿಲ್ಲ. ವಿಜ್ಞಾನಕ್ಕಾಗಿ ಮಾಡುತ್ತಿದ್ದೇವೆ ಎಂಬ ನಂಬಿಕೆ ಆ ಬೆರಳುಗಳ ಹಿಂದಿತ್ತು ಎಂದು ರೈಕರ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ವಾದಿಸಿದ್ದಾರೆ.

ಚಂದ್ರಗುತ್ತಿಯ ಘಟನೆ ನಡೆದು ಎರಡು ತಿಂಗಳಿಗೆ, ಮೇ 16ರಂದು, ಸ್ಪೇನಿನ ಸೆವಿಲ್ ನಗರದಲ್ಲಿ 20 ಮಂದಿ ವಿಜ್ಞಾನಿಗಳು ಸೇರಿ ಒಂದು ಹೇಳಿಕೆ ಹೊರಡಿಸಿದರು. ಯುದ್ಧ ಮನುಷ್ಯನ ರಕ್ತದಲ್ಲಿದೆ ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ, ಎಂದರು. ಸೊರಬಕ್ಕೆ ಆ ಸುದ್ದಿ ತಲುಪಿರುವ ಸಂಭವ ಕಡಿಮೆ. ಆದರೆ ಆಮೇಲೆ ಅಲ್ಲಿ ನಡೆದದ್ದು ಆ ಹೇಳಿಕೆಗೆ ಸಾಕ್ಷಿ ಹೇಳಿದ ಹಾಗಿದೆ. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ದೇವಿ ಅಲ್ಲೇ ಇದ್ದಾಳೆ, ಜಾತ್ರೆ ನಿಂತಿಲ್ಲ, ಜನ ಬರುವುದೂ ನಿಂತಿಲ್ಲ. ಹೆಣ್ಣುಮಕ್ಕಳು ಬಟ್ಟೆ ಉಟ್ಟೇ ಗುಡ್ಡ ಹತ್ತುತ್ತಾರೆ. 1986ರ ಸಿಟ್ಟು ಯಾರದೋ ರಕ್ತದಲ್ಲಿ ಹೆಪ್ಪುಗಟ್ಟಿ ಕೂತಿದ್ದರೆ ಪ್ರತಿ ವರ್ಷ ಮಾರ್ಚಿಗೆ ಅದು ಎಲ್ಲಿ ಹೋಗುತ್ತದೆ?

ಈಸೂರಿನಲ್ಲಿ ಹುತಾತ್ಮರಿಗೆ ಸ್ಮಾರಕವಿದೆ, ಇರಬೇಕಾದದ್ದೇ. ಅಂದು ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡದವರೇ, ಚೆನ್ನಕೃಷ್ಣಪ್ಪ ಮತ್ತು ಕೆಂಚೇಗೌಡ. ಕಂಚಿಯ ಕುದುರೆ ಸವಾರನಿಗಿಂತ ಒಂದು ಕೈ ಮೇಲು, ಹೆಸರಾದರೂ ಉಳಿದಿದೆ. ಶಿಕಾರಿಪುರದಿಂದ ಬಳ್ಳಿಗಾವಿಯ ಕಡೆ ಬರುವ ದಾರಿಯ ಊರುಗಳಲ್ಲಿ, ಗದ್ದೆ ಬದುವಿನಲ್ಲಿ, ಹನುಮಂತನ ಗುಡಿಯ ಪಕ್ಕದಲ್ಲಿ ವೀರಗಲ್ಲುಗಳು ಅರ್ಧ ಹೂತು ನಿಂತಿರುತ್ತವೆ. ಮಣ್ಣಿಗೆ ಮೊದಲು ಇಳಿದದ್ದು ಕೆಳಗಿನ ಪಟ್ಟಿ. ಮೇಲೆ ಉಳಿದಿರುವ ಲಿಂಗ, ಸೂರ್ಯ ಚಂದ್ರರಿಗೆ ಯಾರೋ ಅರಿಸಿನ ಕುಂಕುಮ ಹಚ್ಚಿ, ಒಂದು ದಾಸವಾಳ ಇಟ್ಟು ಹೋಗಿರುತ್ತಾರೆ. ಪಿಕಾಸಿ ಹಿಡಿದು ಒಂದೂವರೆ ಅಡಿ ಅಗೆದರೆ ಬಿಲ್ಲು, ಕತ್ತಿ, ದನ, ಬಿದ್ದ ಹೆಣ ಎಲ್ಲವೂ ಅಲ್ಲೇ ಇವೆ.